ಸಿಂಚನಾಳ ಕೈ

"ಹೇತ್ ಕೈ ತೊಳ್ಯಲ್ಲ, ತಿನ್ನೋ ಕೈ ತೊಳ್ಯಲ್ಲ. ಹೊಟ್ಟೇಲಿ ಹುಳ ಬೀಳ್ದೆ ಇನ್ನೇನಾಗುತ್ತೆ? ನಿಮ್ ಜನಕ್ಕೆ ಎಷ್ಟ್ ಹೇಳುದ್ರೂ ಅಷ್ಟೇ!" ನರ್ಸಮ್ಮ ನಮ್ಮ ಕಾಲೊನಿಯ ನಡುಬೀದಿಯಲ್ಲೇ ನಿಂತು ಕೂಗಿದರು. ಪಕ್ಕದಲ್ಲಿ ಕ್ಯಾನ್ ನೀರು ಕುಡಿಯುತ್ತಿದ್ದ ಪಂಚಾಯ್ತಿ ಮೆಂಬರ್ ಕೆಂಪರಾಜು ನಕ್ಕ.

ನನ್ನ ಹೆಂಡತಿ ಲಕ್ಕಮ್ಮ ಏಳು ವರ್ಷದ ಮಗಳು ಸಿಂಚನಾಳ ಬೆನ್ನಿಗೆ ನಾಲ್ಕು ಬಿಗಿದಳು. "ಎಷ್ಟ್ ದಪ ಬಡ್ಕಂಡೆ ನಿಂಗೆ, ಸೋಪಾಕು ಅಂತ!"

ಮಗು ಅಳಲಿಲ್ಲ. ಆರು ದಿನದಿಂದ ಆಮಶಂಕೆ, ರಕ್ತ ಬೀಳುತ್ತಿತ್ತು. ಅಳುವುದಕ್ಕೂ ತ್ರಾಣವಿರಲಿಲ್ಲ. ಸೋಪು ತಿಕ್ಕಿ ತಿಕ್ಕಿ ಅವಳ ಅಂಗೈ ಸುಲಿದುಹೋಗಿತ್ತು.

ನಾನು ಸೊಣ್ಣಪ್ಪ, ಈ ಊರಿನ ನೀರುಗಂಟಿ. ನಮ್ಮಪ್ಪ ಕೆರೆಯ ತೂಬು ಎತ್ತುತ್ತಿದ್ದ, ನಾನು ಪಂಚಾಯ್ತಿ ವಾಲ್ವು ತಿರುಗಿಸುತ್ತೇನೆ. ಕಾಲೊನಿಗೆ ಬರುವ ಪೈಪು ಮೇಲುಬೀದಿಯ ಚರಂಡಿಯೊಳಗೇ ಹಾದು ಬರುತ್ತದೆ. ಅದರ ಜಾಯಿಂಟು ಸೀಳಿ ಮೂರು ವರ್ಷವಾಯಿತು. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಮಳೆ ಹಿಡಿದು ಚರಂಡಿ ತುಂಬಿತೆಂದರೆ, ನಾನು ವಾಲ್ವು ಮುಚ್ಚಿದ ಕೂಡಲೇ ಮೇಲುಬೀದಿಯವರ ಕಕ್ಕಸಿನ ನೀರು ನಮ್ಮ ಪೈಪಿಗೆ ಇಳಿಯುತ್ತದೆ. ಆಷಾಢ ಬಂತೆಂದರೆ ಕಾಲೊನಿಯ ಮಕ್ಕಳು ಹೊಟ್ಟೆ ಹಿಡಿದುಕೊಂಡು ಕೂರುತ್ತವೆ. ನನಗೆ ಗೊತ್ತಿತ್ತು. ಮನೆಯಲ್ಲಿ "ಕಾಯ್ಸಿ ಕುಡೀರಿ" ಎನ್ನುತ್ತಿದ್ದೆ, ಯಾಕೆಂದು ಹೇಳುತ್ತಿರಲಿಲ್ಲ.

ಹೇಳಲು ನಾಚಿಕೆಯಾಗುತ್ತದೆ. ಪ್ರತಿ ಮಳೆಗಾಲ ನೀರಿನ ಪರೀಕ್ಷೆಗೆಂದು ಬಾಟಲಿ ಬರುತ್ತದೆ, ತುಂಬಿಕೊಡುವವನು ನಾನೇ. ಕಳೆದ ಎರಡು ವರ್ಷವೂ ಕೆಂಪರಾಜುವಿನ ಮನೆಯ ಬೋರ್‌ವೆಲ್ ನೀರು ತುಂಬಿ, ಕಾಲೊನಿ ನಲ್ಲಿಯದೆಂದು ಚೀಟಿ ಅಂಟಿಸಿದೆ. ಅವನ ಮಾತು ಮೀರಿದರೆ ಕೆಲಸ ಹೋಗುತ್ತದೆಂದು ಹೆದರಿದ್ದೆ. ನೀರು ಚೆನ್ನಾಗಿದೆ ಎಂದು ವರದಿ ಬಂತು. ತಪ್ಪೆಲ್ಲ ಮಕ್ಕಳ ಕೈ ಮೇಲೆ ಬಿತ್ತು.

ಈ ಸಲ ಬಾಟಲಿ ತಂದ ಹುಡುಗಿ ಸಂಘಮಿತ್ರ, ನರ್ಸಮ್ಮನ ಜೊತೆಗೇ ಬಂದಿದ್ದಳು. ಬಾಟಲಿ ನನ್ನ ಕೈಗೆ ಬಂತು. ಕೆಂಪರಾಜು ಕಿವಿಯ ಹತ್ತಿರ ಬಗ್ಗಿದ.

"ಲೇ ಸೊಣ್ಣ, ನಮ್ಮನೆ ತಾವ ಹೋಗಿ ತುಂಬ್ಕಂಡ್ ಬಾರ್ಲಾ. ಯಾಕ್ ಹಂಗ್ ನಿಂತ್ಕಂಡೆ?"

ನಾನು ನಮ್ಮ ಮನೆ ಮುಂದಿನ ನಲ್ಲಿ ತಿರುಗಿಸಿ ಬಾಟಲಿ ಹಿಡಿದೆ. ನೀರು ಟೀ ಬಣ್ಣಕ್ಕಿತ್ತು, ನಾತ ಬೇರೆ.

"ಎಲ್ಲಿ ಹಿಡೀತಿದೀಯೋ ಬೋಳಿಮಗ್ನೆ! ನಾಳೆ ವಾಲ್ವ್ ಮುಟ್ ನೋಡು, ಕೈ ಮುರಿದಾಕ್ತೀನಿ."

"ಮುರೀರಿ ಸ್ವಾಮಿ. ಎರಡ್ ವರ್ಸದಿಂದ ನಿಮ್ಮನೆ ನೀರ್ನ ನಮ್ ನಲ್ಲೀದು ಅಂತ ಕೊಟ್ಟಿದ್ದು ಇದೇ ಕೈಯಿ." ಸಂಘಮಿತ್ರಳ ಕಡೆ ತಿರುಗಿದೆ. "ಬರ್ಕಳವ್ವ. ಪೈಪು ಚರಂಡೀಲಿ ಒಡ್ದೈತೆ."

ಲಕ್ಕಮ್ಮ ಮಗಳಿಗೆ ಹೊಡೆದ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಗೊತ್ತಿದ್ದೂ ಕುಡುಸ್ದ್ಯಾ? ನನ್ ಕೈಲಿ ಮಗೀಗೆ ಒದೆ ಬೇರೆ ಬೀಳುಸ್ದ್ಯಾ? ಥೂ, ನಿನ್ ಜಲ್ಮಕ್ಕೆ!" ಎಂದು ನನ್ನ ಕಾಲ ಮೇಲೆ ಉಗಿದಳು. ಒರೆಸಿಕೊಳ್ಳಬೇಕೆನ್ನಿಸಲಿಲ್ಲ.

ಸಿಂಚನಾ ಸುಲಿದ ಅಂಗೈ ಎರಡನ್ನೂ ಮುಂದೆ ಹಿಡಿದು ನೋಡಿಕೊಂಡಳು.

"ಹಂಗಾರೆ ನನ್ ಕೈಯಿಂದ ಅಲ್ವಾ ಅಪ್ಪಾ?"

"ಅಲ್ಲ ಕಣವ್ವ," ಎಂದೆ. "ನನ್ ಕೈಯಿಂದ."