ವಕೀಲರ ಬಾಗಿಲಲ್ಲಿ ಕೂತವರು

"ಎಲ್ಲಿ ಅಗೆಸ್ಲಿ ಈಗ?"

ಯಶೋಧಾ ಯಾರನ್ನೂ ನೋಡದೆ ಕೇಳಿ, ಮತ್ತೆ ವಕೀಲರ ನಂಬರು ಒತ್ತಿದಳು. ಫೋನು ಬಡಿದು ಬಡಿದು ಸುಮ್ಮನಾಯಿತು. ಗುದ್ದಲಿ ಹಿಡಿದವರು ಬದುವಿನ ಮೇಲೆಯೇ ನಿಂತಿದ್ದರು. ತಿಪ್ಪಸಂದ್ರದ ಆ ಹೊಲದ ಮೂಲೆಯಲ್ಲಿ, ಬಿಲ್ವದ ಮರದ ಕೆಳಗೆ, ಅವಳ ತಾಯಿಯ ಸಮಾಧಿ. ಅದರ ಪಕ್ಕದ ಜಾಗವನ್ನು, ಆವತ್ತು ಬೆಳಿಗ್ಗೆ ತೀರಿಕೊಂಡ ಅಪ್ಪ ಗವಿಸಿದ್ದಯ್ಯನವರು ತಮಗೆಂದು ಉಳಿಸಿಕೊಂಡಿದ್ದರು. ಆಚೆ ಜಮೀನು ಕೊಂಡ ಲೇಔಟಿನವರು ಮೂಲೆಯೂ ತಮ್ಮದೆಂದು ಮಾಗಡಿ ಕೋರ್ಟಿಗೆ ಹೋಗಿದ್ದರು. ತೀರ್ಪಾಗುವ ತನಕ ಅಲ್ಲಿ ಮಣ್ಣು ಮುಟ್ಟಕೂಡದೆಂದು ಆಜ್ಞೆಯಿತ್ತು.

"ಅಗೆದ್ಬುಡ್ಸವ್ವ. ಸತ್ತೋರ ಮ್ಯಾಲೆ ಯಾವ ಪೋಲೀಸ್ನೋನು ಬತ್ತಾನೆ?" ಎಂದ ನೆರೆಯ ಕೆಂಪಯ್ಯ.

"ನಾಳೆ ಲೇಔಟ್ನೋರು ಜೆಸಿಬಿ ತಂದು ಕೆದುಕ್ಸುದ್ರೆ? ನೀನ್ ಬಂದು ಅಡ್ಡ ಮಲಿಕತೀಯೇನ್ಲಾ?" ಇನ್ನೊಬ್ಬ ನೆರೆಯವ ಬೋರಲಿಂಗಯ್ಯ ರೇಗಿದ. "ವಕೀಲ್ರು ಏನಂತಾರೋ ಕೇಳಾನ ಇರು."

"ಅವ್ರು ಯಾವತ್ತು ಏನಂದವ್ರೆ?" ಎಂದ ಕೆಂಪಯ್ಯ.

ಯಾರೋ ನಕ್ಕು, ಸಾವಿನ ಹೊತ್ತೆಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಯಶೋಧಾಳ ಗಂಡ ಬಸವಕುಮಾರ್ ಬೈಕಿಗೆ ಕಿಕ್ ಹೊಡೆದ. "ಆಫೀಸ್ ಬಾಗ್ಲಲ್ಲೇ ಹಿಡ್ಕಂಡ್ ಬತ್ತೀನಿ."

*

ಒಮ್ಮೆ ಅವಳೂ ಅಪ್ಪನ ಜೊತೆ ಆ ಆಫೀಸಿಗೆ ಹೋಗಿದ್ದಳು. ಬಾಗಿಲ ಪಕ್ಕದ ಬೆಂಚಿನ ಮೇಲೆ ಅಪ್ಪ ಬೆನ್ನು ನೆಟ್ಟಗೆ ಮಾಡಿ, ಅಂಗೈ ತೊಡೆಯ ಮೇಲಿಟ್ಟು ಕೂತರು. ವಕೀಲರು ಬಂದರು, ಅಪ್ಪ ಎದ್ದು ಕೈಮುಗಿದರು, ವಕೀಲರು ಫೋನಿನಲ್ಲಿ ಮಾತಾಡುತ್ತಲೇ ಒಳಗೆ ಹೋದರು. ಹಾಗೆಯೇ ಹೊರಗೂ ಹೋದರು.

"ಕೇಸ್ ಏನಾಯ್ತು ಅಂತ ಕೇಳಪ್ಪಾ!"

"ಸುಮ್ಕಿರವ್ವ. ಮಠದಲ್ಲಿ ಅಯ್ನೋರು ಕಣ್ಮುಚ್ಚಿ ಕೂತಿದ್ರೆ ಅಲ್ಲಾಡ್ಸಿ ಕೇಳ್ತೀವಾ? ಕಾಲ ಬಂದಾಗ ಅವ್ರೇ ಬಾಯ್ಬುಡ್ತಾರೆ."

ಮತ್ತೆ ಅವರ ತುಟಿ ಸಣ್ಣಗೆ ಅಲುಗಿತು. ಹುಡುಗನಾಗಿದ್ದಾಗ ಮಠದ ಕಂಬಕ್ಕೊರಗಿ ಕೇಳಿದ ವಚನಗಳು ಆ ತುಟಿಯ ಮೇಲೆ ನಡೆಯುತ್ತಿದ್ದವು. ತಮ್ಮ ಕೇಸಿಗೆಂದು ಬಂದು ಪಕ್ಕದಲ್ಲಿ ಕೂತು ಅದೇ ವಕೀಲರನ್ನು ಬೈಯುತ್ತಿದ್ದ ಅಮೀರುನ್ನೀಸಾ ಅಪ್ಪನ ಕಡೆ ತಿರುಗಿ ನೋಡಿದವರು ಮಾತು ನಿಲ್ಲಿಸಿ, ದರ್ಗಾದೊಳಗೆ ಕಾಲಿಟ್ಟವರ ಹಾಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

*

ಬೈಕಿನಿಂದ ಇಳಿದ ವಕೀಲರ ಕರಿಕೋಟಿನ ತುಂಬ ಧೂಳು.

"ಅಗೆಯಿರಿ," ಎಂದರು. "ಕೇಸು ನಿಮ್ಮ ಕಡೆಗೇ ಆಗಿದೆ. ಯುಗಾದಿಗೆ ಮುಂಚೇನೇ."

ದಸರಾ ಹತ್ತಿರ ಬಂದಿತ್ತು.

"ಹೋದ ಸೋಮ್ವಾರವೂ ಅಪ್ಪ ನಿಮ್ಮ ಬಾಗ್ಲಲ್ಲಿ ಕೂತಿದ್ರಲ್ಲ ಸಾರ್."

"ಕೂತಿದ್ರು." ವಕೀಲರು ನೆಲ ನೋಡಿದರು. "ಕೇಳ್ತಾರೆ, ಹೇಳೋಣ ಅಂತಿದ್ದೆ. ಅವರು ಕೇಳಲೇ ಇಲ್ಲ."

ಕೆಂಪಯ್ಯ ಗುದ್ದಲಿ ಎತ್ತಿದ.

ಹೊತ್ತು ಇಳಿಯುವಾಗ ಗವಿಸಿದ್ದಯ್ಯನವರನ್ನು ಗುಂಡಿಯ ಗೂಡಿನಲ್ಲಿ ಕೂರಿಸಿದರು. ನೆಟ್ಟಗಿನ ಬೆನ್ನು, ತೊಡೆಯ ಮೇಲೆ ಅಂಗೈ, ಅಂಗೈಯಲ್ಲಿ ಲಿಂಗ, ಹಣೆಯ ತುಂಬ ವಿಭೂತಿ. ಅದೇ ಬೆಂಚಿನ ಮೇಲೆ ಕೂತಂತೆಯೇ ಇದ್ದರು. ಆದರೆ ಈಗ ಊರಿಗೆ ಊರೇ ಅವರ ಮುಂದೆ ಉಸಿರು ಹಿಡಿದು ನಿಂತಿತ್ತು. ಬಿಲ್ವದ ಎಲೆಯೊಂದು ತಾನಾಗಿ ಉದುರಿ ಹೆಗಲ ಮೇಲೆ ನಿಂತಿತು. ಮಠದ ಅಯ್ಯನವರು ಬಗ್ಗಿ, ಅವರ ಕಿವಿಯಲ್ಲಿ ಮಂತ್ರ ಹೇಳಿ ಮೇಲೆ ಬಂದರು.

ವಕೀಲರು ಬೂಟು ಬಿಚ್ಚಿ ಗುಂಡಿಯ ಅಂಚಿಗೆ ಬಂದು ನಿಂತಿದ್ದರು. ಕೈ ಮುಗಿದಿದ್ದರು.

"ಅಮ್ಮಾ, ನಾನೂ ಇಳಿದು ಅವರ ಕಿವಿಯಲ್ಲಿ ಒಂದು ಮಾತು ಹೇಳ್ಲಾ? ಗೆದ್ರಿ ಅಂತ. ಅಷ್ಟೇ."

ಯಶೋಧಾ ಅಪ್ಪನ ಮುಖ ನೋಡಿದಳು. ವಚನ ಹೇಳಿಕೊಳ್ಳುವಾಗಿನ ಹಾಗೆ ತುಟಿ ಒಂಚೂರು ತೆರೆದಿತ್ತು.

"ಬ್ಯಾಡ ಸಾರ್," ಎಂದಳು. "ಅಪ್ಪ ಬ್ಯಾರೆ ಏನೋ ಕೇಳ್ತಾ ಕೂತವ್ರೆ."