ಬಾಲ್ಕನಿಯ ಮೂರು ದಿನ

ಕೊಲ್ಲಿ ದೇಶದ ಹವಲ್ಲಿಯ ಆ ನಾಲ್ಕನೆಯ ಮಹಡಿಯ ಮನೆಯಲ್ಲಿ ಸಂಜೆ ಚಹಾಕ್ಕೆ ಕೂತರೆ ಅಪೇಕ್ಷಾಳ ಬಾಯಲ್ಲಿ ಒಂದೇ ಹೆಸರು, ವಾರಿಜಾ ಮಿಸ್.

"ಪಪ್ಪಾ, ಟುಡೇ ಮಿಸ್ ಬ್ಲಡ್ ಬಗ್ಗೆ ಸ್ಟೋರಿ ಹೇಳಿದ್ರು. ರೆಡ್ ಸೆಲ್ ಅಂದ್ರೆ ಮೀನಾ ಅಬ್ದುಲ್ಲಾ ರಿಫೈನರಿಗೆ ಡ್ಯೂಟಿಗೆ ಹೋಗುವ ಅಂಕಲ್. ದಿನಾ ಬಸ್ಸಲ್ಲಿ ಆಕ್ಸಿಜನ್ ಹೊತ್ತು ಹೊತ್ತು ನೂರಿಪ್ಪತ್ತು ದಿನ ಆದ್ರೆ ಇಕಾಮಾ ಖಲಾಸ್, ವೀಸಾ ಮುಗೀತು, ಊರಿಗೆ!"

ರೋಹಿದಾಸ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನ ಅಮ್ಮನೂ ಸೈನ್ಸ್ ಟೀಚರೇ. ಒಂದು ದಿನವಾದರೂ ಹೀಗೆ ಹೇಳಿದ್ದುಂಟಾ?"

ತಮಾಷೆಯ ಮಾತು. ಆದರೆ ಉಮಾವತಿ ಚಹಾದ ಲೋಟ ಕೆಳಗಿಟ್ಟಳು. ಕೊಲ್ಲಿ ಯುದ್ಧ ಮುಗಿದು ಶಾಲೆಗಳು ಮತ್ತೆ ತೆರೆದಂದಿನಿಂದ, ಹನ್ನೆರಡು ವರ್ಷ, ಅವಳು ನೋಟ್ಸ್ ಹೇಳಿ ಬರೆಸಿದ್ದಳು. ಅವಳ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. ಆದರೆ ಅವಳ ಪಾಠವನ್ನು ಒಂದು ಮಗುವೂ ಮನೆಯ ಚಹಾದವರೆಗೆ ಹೊತ್ತು ತಂದಿರಲಿಲ್ಲ. ನಿನ್ನೆ ಮೊನ್ನೆ ಪುತ್ತೂರಿನಿಂದ ಬಂದ ಹುಡುಗಿ ವಾರಿಜಾಳ ಪಾಠ ಬಂದಿತ್ತು, ಅದೂ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಬಾಯಲ್ಲಿ.

ಹತ್ತನೆಯ ತರಗತಿಯ ಪುಸ್ತಕದಲ್ಲಿ ಗರ್ಭಕೋಶ, ಮುಟ್ಟುಗಳನ್ನು ಹೇಳುವ ಒಂದು ಅಧ್ಯಾಯವಿದೆ. ಅದು ಬಂದಾಗಲೆಲ್ಲ ಉಮಾವತಿ "ಮನೆಯಲ್ಲಿ ಓದಿಕೊಳ್ಳಿ" ಎಂದು ಹಾಳೆ ಮಗುಚುತ್ತಿದ್ದಳು. ವಾರಿಜಾ ಮಗುಚಲಿಲ್ಲ. ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಕತೆ ಹೇಳಿದಳು: ಒಂದು ಮನೆ. ತಿಂಗಳು ತಿಂಗಳೂ ನೆಂಟರು ಬಂದಾರೆಂದು ಮನೆಯವಳು ಮೆತ್ತನೆಯ ಹಾಸಿಗೆ ಹಾಸಿ ಕಾಯುತ್ತಾಳೆ. ನೆಂಟರು ಬರಲಿಲ್ಲ. ಅವಳು ಹಾಸಿಗೆ ತೆಗೆದು ಕೋಣೆ ತೊಳೆದು ಮುಂದಿನ ತಿಂಗಳಿಗೆ ಮತ್ತೆ ಹಾಸುತ್ತಾಳೆ. ಇದರಲ್ಲಿ ಹೊಲಸು ಯಾವುದು, ಹೇಳಿ?

ಕತೆ ಪ್ರಿನ್ಸಿಪಾಲರ ಕಿವಿಗೂ ಬಿತ್ತು. ಜೂನ್ ಮೊದಲ ವಾರದ ತಾಯಂದಿರ ಸಭೆಯಲ್ಲಿ ಅದನ್ನು ಅಪೇಕ್ಷಾಳೇ ಹೇಳಬೇಕೆಂದು ತೀರ್ಮಾನವಾಯಿತು. ಸ್ಟಾಫ್ ರೂಮಿನಲ್ಲಿ ವಾರಿಜಾ ಓಡಿ ಬಂದು ಉಮಾವತಿಯ ಕೈ ಹಿಡಿದಳು. "ಮೇಡಂ, ನಿಮ್ಮ ಮಗಳು ನನಗಿಂತ ಚಂದ ಹೇಳ್ತಾಳೆ."

ಉಮಾವತಿ ಕೈ ಬಿಡಿಸಿಕೊಂಡಳು. "ಪೋರ್ಷನ್ ಮುಗಿಸಿದ್ದೀಯಾ ಮೊದಲು?"

ಮನೆಯಲ್ಲಿ ಬೇರೆಯೇ ಕತೆ. ರೋಹಿದಾಸನ ತಾಯಿ ಜನವರಿಯಲ್ಲಿ ಮೂಲ್ಕಿಯಿಂದ ಬಂದಂದಿನಿಂದ ಮುಟ್ಟಾದವರು ಮೂರು ದಿನ ಹೊರಗೆ ಕೂರಬೇಕಿತ್ತು. ಎರಡು ಕೋಣೆಯ ಮನೆಯಲ್ಲಿ ಹೊರಗೆಂದರೆ ಗಾಜು ಹಾಕಿ ಮುಚ್ಚಿದ ಬಾಲ್ಕನಿ. ಅಲ್ಲಿ ಎ.ಸಿ. ಇಲ್ಲ. ಉಮಾವತಿಗೆ ಮಾತ್ರ ಡ್ಯೂಟಿಗೆ ಹೋಗಲು ಅನುಮತಿಯಿತ್ತು. ಸಂಬಳ ತರುವ ಕೆಲಸಕ್ಕೆ ಮೈಲಿಗೆ ತಟ್ಟುತ್ತಿರಲಿಲ್ಲ.

ಸಭೆಯ ಹಿಂದಿನ ದಿನ ಅಪೇಕ್ಷಾ ಹೊರಗಾದಳು.

"ಅಜ್ಜಿ, ನಾಳೆ ಒಂದು ದಿನ ಪ್ಲೀಸ್!"

"ಆಗ್ಲಿಕ್ಕಿಲ್ಲ ಮಗಾ. ನಾಲ್ಕು ಜನರ ಮುಂದೆ ನಿಲ್ಲುವ ಹೊತ್ತಾ ಇದು? ನಾವೆಲ್ಲ ಕೂತಿಲ್ವಾ? ಸತ್ತಿದ್ದೇವಾ?"

ಮಗಳು ತಾಯಿಯ ಮುಖ ನೋಡಿದಳು. ಉಮಾವತಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ರೋಹಿದಾಸ ಎದುರಾಡುವವನಲ್ಲ, ಮುದುಕಿ ಗೊಣಗಿ ಸುಮ್ಮನಾಗುತ್ತಿದ್ದಳು. ಆದರೆ ಉಮಾವತಿಯ ಕಣ್ಣಿಗೆ ಕಟ್ಟಿದ್ದು ವೇದಿಕೆಯ ಮೇಲೆ ಮಗಳು, ಪಕ್ಕದಲ್ಲಿ ಬೀಗುತ್ತ ನಿಂತ ವಾರಿಜಾ, ಚಪ್ಪಾಳೆ.

"ಅಜ್ಜಿ ಹೇಳಿದ್ದು ಸರಿ. ಕೂತ್ಕೋ ಒಳ್ಳೇದ್ರಲ್ಲಿ," ಎಂದಳು. ಮಾತು ಹೊರಬಿದ್ದಾಗ ಎದೆಯಲ್ಲಿ ತಂಪಾದದ್ದು ಅವಳಿಗೇ ಗೊತ್ತಾಯಿತು.

ಮರುದಿನ ಸಭೆಯಲ್ಲಿ ವಾರಿಜಾ ತಯಾರಿಯಿಲ್ಲದೆ ಒಬ್ಬಳೇ ತಡವರಿಸುತ್ತ ಕತೆ ಹೇಳಿದಳು. ಉಮಾವತಿ ಹಿಂದಿನ ಸಾಲಿನಲ್ಲಿ ಕೂತು ಅದನ್ನು ಸವಿದಳು. ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದಳು. ಹೊರಗೆ ನಲವತ್ತೆಂಟು ಡಿಗ್ರಿ. ಬಾಲ್ಕನಿಯ ಬಾಗಿಲು ತೆಗೆದರೆ ಬೆಂಕಿಯ ಉಸಿರು ಮುಖಕ್ಕೆ ಬಡಿಯಿತು. ಅಪೇಕ್ಷಾ ಚಾಪೆಯ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಮೈ ಕಾದ ಕಾವಲಿ, ಬೆವರಿಲ್ಲ. ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ನೀರು ಕುಡಿದರೆ ದೇವರ ಫೋಟೋ ದಾಟಿ ಬಾತ್‌ರೂಮಿಗೆ ಹೋಗಬೇಕು, ಅಜ್ಜಿ ಬೈಯುತ್ತಾರೆ. ಅದಕ್ಕೆ ಮಗು ಬೆಳಗಿನಿಂದ ನೀರೇ ಮುಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿದರು. "ಇನ್ನೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ. ಈ ಬಿಸಿಲಲ್ಲಿ ಮಗುವನ್ನು ಹೊರಗೆ ಕೂರಿಸಿದ್ದು ಯಾರು?" ಎಂದು ನರ್ಸ್ ಇಸಾಬೆಲ್ ಕೇಳಿದಾಗ ರೋಹಿದಾಸ ತಾಯಿಯ ಹೆಸರು ಹೇಳಿದ. ಉಮಾವತಿ ಗೋಡೆ ನೋಡುತ್ತ ನಿಂತಳು.

ಎಲ್ಲರೂ ಹೊರಹೋದ ಮೇಲೆ ಅವಳು ಮಂಚದ ಬಳಿ ಕೂತಳು.

"ಅಪ್ಪೀ, ಅಜ್ಜಿ ಅಲ್ಲ. ನಾನೇ ನಿನ್ನನ್ನು ಕಳಿಸ್ಲಿಲ್ಲ. ನನಗೆ ವಾರಿಜಾ ಮೇಲೆ ಹೊಟ್ಟೆಕಿಚ್ಚು."

"ಐ ನೋ, ಅಮ್ಮ," ಎಂದು ಹುಡುಗಿ ಆ ಕಡೆಗೆ ಹೊರಳಿದಳು.

ಆ ಎರಡು ಮಾತಿನ ಶಿಕ್ಷೆ ಯಾವ ನ್ಯಾಯಾಲಯದಲ್ಲೂ ಇರಲಾರದು. ಶಾಸ್ತ್ರವೆಂದು ನಾವು ಹಿಡಿದುಕೊಂಡಿರುವುದರ ಒಳಗೆ ಎಷ್ಟು ಮಂದಿಯ ಸಣ್ಣತನ ಸುಖವಾಗಿ ಅಡಗಿ ಕೂತಿದೆಯೋ!

ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ತಡೆದಳು. "ಮಗುವಿಗೆ ಇನ್ನೂ ತಲೆಸ್ನಾನ ಆಗಿಲ್ಲ. ಅವಳನ್ನು ಮುಟ್ಟಿದ ನೀನೂ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡ್ಬೇಡ."

ಉಮಾವತಿ ಅತ್ತೆಯನ್ನು ದಾಟಿ ಒಳಗೆ ಬಂದಳು. ಮಗಳನ್ನು ತನ್ನ ಹಾಸಿಗೆಯಲ್ಲಿ ಮಲಗಿಸಿ ಎ.ಸಿ. ಹಾಕಿದಳು. ಉಟ್ಟ ಸೀರೆಯಲ್ಲೇ ಅಡುಗೆಮನೆಗೆ ನಡೆದು ಒಲೆ ಹಚ್ಚಿ ಗಂಜಿಗಿಟ್ಟಳು.

"ಇವತ್ತು ನಾನೂ ಹೊರಗಾಗಿದ್ದೇನೆ ಅತ್ತೆ," ಎಂದಳು, ತಿರುಗದೆ.

"ಶಿವ ಶಿವಾ! ರೋಹೀ, ಕೇಳಿದ್ಯಾ ಇವಳ ಮಾತು?"

ರೋಹಿದಾಸ ತಲೆ ತಗ್ಗಿಸಿದ. "ಕೇಳಿದೆ ಅಮ್ಮ. ಗಂಜಿ ಆಗ್ಲಿ, ನನಗೂ ಹಸಿವೆ."

ಮೊದಲ ಬಟ್ಟಲು ಮಗಳಿಗೆ ಹೋಯಿತು. ಎರಡನೆಯದನ್ನು ಉಮಾವತಿ ಅತ್ತೆಯ ಮುಂದಿಟ್ಟು, ಪಕ್ಕಕ್ಕೆ ಉಪ್ಪಿನಕಾಯಿ ಬಡಿಸಿದಳು.

"ಮನಸ್ಸಾದರೆ ಉಣ್ಣಿ. ಈ ಮನೆಯಲ್ಲಿ ಇನ್ನು ಯಾರೂ ಹೊರಗೆ ಕೂರುವುದಿಲ್ಲ."