ಕಮಲಾಪುರಕ್ಕೆ ಹೊರಟ ಹವಳದ ಮೀನು

ಹಿಜರಿ ೧೩೨೩ರ ಸಫರ್ ತಿಂಗಳು, ಅಂದರೆ ೧೯೦೫ರ ಬೇಸಿಗೆ. ಹಜ್ ಮುಗಿಸಿದ ಉರ್ದು ಮಾಸ್ತರ ಲಾಲ್ ಅಹ್ಮದ್ ನಸುಕಿನಲ್ಲಿ ಕಲಬುರಗಿ ಸ್ಟೇಶನ್ನಿನಲ್ಲಿ ಇಳಿದಾಗ ಗಾಜಿನ ಭರಣಿಯೊಂದನ್ನು ಎದೆಗವಚಿಕೊಂಡಿದ್ದ. ಒಳಗೆ ಬೆರಳುದ್ದದ ಮೀನು. ಜೆಡ್ಡಾದ ಹವಳದ ದಿಬ್ಬದಲ್ಲಿ ಒಬ್ಬ ಮುಳುಗುಗಾರ ಹಿಡಿದುಕೊಟ್ಟದ್ದು. ಕಮಲಾಪುರದ ಮನೆಯಲ್ಲಿ ಹೆಂಡತಿ ಫರೀದಾ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಹೊರಡುವಾಗ ಅವಳು ಕೇಳಿದ್ದು ಒಂದೇ ಮಾತು: "ಸಮುದ್ರದಾಗಿನ ಜೀವ ಒಂದು ತೋರಸ್ರಿ."

ಮೀನಿನ ಮೈ ಗಿಳಿಹಸಿರು, ಕೆನ್ನೆಯ ಮೇಲೆ ಬಾಗಿದ ಗುಲಾಬಿ ಗೆರೆಗಳು, ಬಾಲದ ಬುಡದಲ್ಲಿ ನೀಲಿ ಅಂಚಿನ ಕಪ್ಪು ಚುಕ್ಕೆ. ಮೂತಿ ಚೂಪು, ತುಟಿ ದಪ್ಪ. ಬಾಲ ಆಡಿಸದೆ, ಪಕ್ಕದ ರೆಕ್ಕೆಗಳಿಂದಲೇ ಹುಟ್ಟು ಹಾಕಿದಂತೆ ಈಜುತ್ತಿತ್ತು. ಹೊತ್ತು ಮುಳುಗಿದರೆ ಭರಣಿಯ ತಳದ ಉಸುಕಿನೊಳಗೆ ಹೊಕ್ಕು ಮಲಗುತ್ತಿತ್ತು. ಹಡಗಿನಲ್ಲಿ ದಿನಾ ನೀರು ಬದಲಿಸಿದ್ದ. ಈಗ ಉಳಿದದ್ದು ಮುಂಬಯಿಯಲ್ಲಿ ತುಂಬಿಕೊಂಡ ಒಂದು ಡಬ್ಬಿ ಸಮುದ್ರದ ನೀರು.

ಕಮಲಾಪುರಕ್ಕೆ ಬಂಡಿ ಹೊಡೆಯುತ್ತಿದ್ದ ಜಗದೇವಪ್ಪ ಲಿಂಗವಂತ, ಮೀನು ಮುಟ್ಟುವವನಲ್ಲ. ಆದರೂ ಬಿಸಿಲು ಏರಿದಾಗ ತನ್ನ ಹೆಗಲ ಮೇಲಿನ ವಸ್ತ್ರ ತೋಯಿಸಿ ಭರಣಿಗೆ ಸುತ್ತಿದ.

"ಹಾಜಿಸಾಬ್ರೀ, ಇದು ಗಂಡೋ ಹೆಣ್ಣೋ?"

"ಈಗ ಗಂಡು. ಮೊದಲ ಹೆಣ್ಣಿತ್ತಂತ. ಗುಂಪಿನಾಗಿನ ಗಂಡು ಸತ್ರ ದೊಡ್ಡ ಹೆಣ್ಣು ಬಣ್ಣ ಬದಲಿಸಿ ಗಂಡಾಗ್ತದ ಅಂತ ಹಿಡದಾಂವ ಹೇಳಿದ."

"ಶಿವಾ ಶಿವಾ! ಅಷ್ಟೆಲ್ಲ ಬದಲಾಗಾಕ ಬರ್ತದ, ನಮ್ಮ ಬಾವಿ ನೀರಾಗ ಒಂದಿನ ಬದುಕಾಕ ಬರಂಗಿಲ್ಲೇನ್ರೀ?"

ಲಾಲ್ ಅಹ್ಮದ್ ಭರಣಿಯನ್ನು ನೆರಳಿಗೆ ಸರಿಸಿದ.

ಮಧ್ಯಾಹ್ನ ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿತು. ನೀರು ಬದಲಿಸಲೆಂದು ಡಬ್ಬಿಯ ಮುಚ್ಚಳ ತೆಗೆದನಷ್ಟೇ, ಗಾಲಿ ತಗ್ಗಿಗೆ ಇಳಿದು ಡಬ್ಬಿ ಮಗುಚಿತು. ಕ್ಷಣದಲ್ಲಿ ದಾರಿಯ ಧೂಳು ನೀರನ್ನು ಹೀರಿಕೊಂಡಿತು.

ಜಗದೇವಪ್ಪ ತನ್ನ ರೊಟ್ಟಿಗಂಟಿನ ಉಪ್ಪನ್ನು ತೆಗೆದುಕೊಟ್ಟ. ದಾರಿಯ ಬಾವಿಯೊಂದರ ನೀರಿಗೆ ಅದನ್ನು ಕದಡಿ ಲಾಲ್ ಅಹ್ಮದ್ ನಾಲಿಗೆಗೆ ಹಚ್ಚಿ ನೋಡಿದ, ಉಗುಳಿದ, ಮತ್ತೆ ಹಚ್ಚಿದ. ಸಮುದ್ರ ಎಷ್ಟು ಉಪ್ಪಗಿತ್ತು? ನೆನಪಾಗಲಿಲ್ಲ. ಅದರಲ್ಲಿ ಅರ್ಧವನ್ನು ಭರಣಿಗೆ ಸುರಿದ. ಮೀನು ಸ್ವಲ್ಪ ಹೊತ್ತು ನೆಟ್ಟಗೆ ನಿಂತಿತು. ಆಮೇಲೆ ಒಂದು ಮಗ್ಗುಲಿಗೆ ವಾಲಿತು.

ಹೊತ್ತು ಮುಳುಗುವ ಮೊದಲೇ ಮನೆ ಸೇರಿದರು. ಫರೀದಾ ದಿಂಬಿಗೆ ಒರಗಿ ಎದ್ದು ಕೂತಳು. ಅಷ್ಟರಲ್ಲಿ ಮೀನಿನ ಹಸಿರು ಬೂದುಬಣ್ಣಕ್ಕೆ ತಿರುಗಿತ್ತು, ಗೆರೆಗಳು ಅಳಿಸಿದ್ದವು.

"ಎಷ್ಟ ಚಂದ ಅದರೀ," ಎಂದಳು.

"ಹಿಂಗ ಇರಲಿಲ್ಲ, ಫರೀದಾ. ಇದು ಹಿಂಗ ಇರಲೇ ಇಲ್ಲ." ಭರಣಿಯನ್ನು ಅವಳ ಹತ್ತಿರ ಸರಿಸಿದ.

ಮೀನು ತಳಕ್ಕಿಳಿದು ಮೂತಿಯಿಂದ ಉಸುಕನ್ನು ತಿವಿಯಿತು. ಒಳಹೋಗುವ ಶಕ್ತಿ ಇರಲಿಲ್ಲ. ಮತ್ತೊಮ್ಮೆ ತಿವಿಯಿತು.

"ನೀರ ತರ್ಲೇನ್ರೀ?" ಬಾಗಿಲಲ್ಲೇ ನಿಂತಿದ್ದ ಜಗದೇವಪ್ಪ ಕೇಳಿದ.

"ಯಾವ ನೀರು ತರ್ತೀಯಪಾ?" ಎಂದ ಲಾಲ್ ಅಹ್ಮದ್.

ಫರೀದಾ ಗಾಜಿನ ಮೇಲೆ ಅಂಗೈ ಇಟ್ಟಳು. ಕಿವಿರು ಆಡುವುದು ನಿಲ್ಲುವವರೆಗೂ ಮೂವರೂ ನೋಡುತ್ತಲೇ ಇದ್ದರು.